ಹಂಪವ್ವ ಅಡ್ಡಾಡಲು ಹೋಗಿದ್ದಾಳೆ

ಬೇಗೆಮಾಸ, ಮೂವತ್ತಾರನೆಯ ತಾರೀಖು, ಸನ್ ೨೨೧೪
ಕೆಂಪುದಿಬ್ಬ, ಮೂರನೆಯ ನೆಲೆ

ಹಿಂದಿನವರಾದ ನಿಮಗೆಲ್ಲ ದುಂಡಪ್ಪನ ಶರಣು.

ಮೇಲಿನ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ಬೆಳೆಯುತ್ತ ಹೋಗಿ ಹನ್ನೆರಡು ತಿಂಗಳುಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಹದಿಮೂರನೆಯದೊಂದನ್ನು ಹೊಲಿದು ಸೇರಿಸಿದರು, ಅದೇ ಬೇಗೆಮಾಸ. ಈ ಪತ್ರದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಪುಸ್ತಕಗಳಲ್ಲಿರುವ ಕನ್ನಡವನ್ನೇ ಆದಷ್ಟು ಹಿಡಿದು ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು ನಾನು. ಎಂಟನೆಯದು ನಮ್ಮ ಊರಲ್ಲಿ ಇರಲಿಲ್ಲ. ಇದ್ದಿದ್ದರೆ ಅದನ್ನೂ ಮುಗಿಸಿ ಮಾಸ್ತರರಿಗೇ ಪಾಠ ಹೇಳುತ್ತಿದ್ದೆ. ನನ್ನ ಬಗ್ಗೆ ನಾನೇ ಹೀಗೆ ಹೇಳಿಕೊಳ್ಳಬಾರದು ನಿಜ, ಆದರೆ ಬೇರೆ ಯಾರೂ ಹೇಳದಿರುವಾಗ ಮಾಡುವುದೇನು? ಕಾಲದಲ್ಲಿ ಹಿಂದಕ್ಕೆ ಕಾಗದ ಕಳಿಸುವ ಕಚೇರಿಗೆ ಹಿಂದಂಚೆ ಎನ್ನುತ್ತಾರೆ. ಒಬ್ಬ ಮನುಷ್ಯನಿಗೆ ಜನ್ಮದಲ್ಲಿ ಒಂದೇ ಪತ್ರ, ಅದೂ ಒಂದೇ ಹಾಳೆ, ಅದೂ ಕೈಬರಹ. ಉಳಿದವರು ತಮ್ಮ ಮುತ್ತಜ್ಜಂದಿರಿಗೆ ಹೊಲ ಮಾರಬೇಡಿರೆಂದು ಬರೆದು ಕೈತೊಳೆದುಕೊಂಡರು. ನಾನು ಇಷ್ಟು ದಿನ ಉಳಿಸಿಕೊಂಡಿದ್ದೆ. ಇವತ್ತು ಬರೆಯಲೇಬೇಕಾಗಿ ಬಂದಿದೆ, ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ನಾವು ಬಾಳುವ ರೀತಿ ಕೇಳಿ. ನಮ್ಮ ದಾರಿಗಳ ಮೇಲೆ ಓಡುವುದು ತಾನೋಡಿ. ಸಾರಥಿಯಿಲ್ಲದೆ ತಾನೇ ಓಡುವ ಬಂಡಿ. ಅದು ಮನುಷ್ಯನನ್ನು ಕಂಡರೆ ಗಕ್ಕನೆ ನಿಲ್ಲುತ್ತದೆ. ಒಂದು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಇದರಿಂದ ಬಹಳ ನಷ್ಟವೆಂದು ಲೆಕ್ಕ ಹಾಕಿದವರು ಬಂಡಿಯನ್ನು ತಿದ್ದುವ ಬದಲು ಮನುಷ್ಯನೇ ದಾರಿಯಲ್ಲಿ ಕಾಣಿಸಬಾರದೆಂದು ಕಾನೂನು ಮಾಡಿದರು. ಊರ ತುಂಬ ‘ಅಡ್ಡಾಟ ನಿಷಿದ್ಧ’ ಎಂಬ ಹಲಗೆಗಳಿವೆ. ಮನೆಗೆ ಬೇಕಾದ್ದನ್ನು ತಂದಿಡಿ ಎಂಬ ಸಣ್ಣ ಡಬ್ಬಿಗಾಡಿ ಬಾಗಿಲಿಗೇ ತಂದಿಟ್ಟು ಹೋಗುತ್ತದೆ. ಹಾಲಿಗೆ ಹೆಪ್ಪು ಬೇಕೆನ್ನಿ, ನಾವು ಪಕ್ಕದ ಮನೆಗೆ ಹೋಗುವುದಿಲ್ಲ, ತಂದಿಡಿಗೆ ಹೇಳುತ್ತೇವೆ. ಅದು ಊರೆಲ್ಲ ಸುತ್ತಿ ಪಕ್ಕದ ಮನೆಯ ಹೆಪ್ಪನ್ನೇ ತರುತ್ತದೆ. ಇದು ಮೊದಮೊದಲು ತಮಾಷೆಯಾಗಿತ್ತು. ಈಗ ನಮ್ಮ ಕೂಸುಗಳು ತೆವಳುತ್ತವೆ, ಗೋಡೆ ಹಿಡಿದು ನಿಲ್ಲುತ್ತವೆ, ಆಮೇಲೆ ಹೋಗಲು ಜಾಗವಿಲ್ಲದೆ ಮತ್ತೆ ಕೂತುಬಿಡುತ್ತವೆ. ಸಕ್ಕರೆ ಕಾಯಿಲೆಯಿಲ್ಲದ ಮನೆಯಿಲ್ಲ. ನಡುವಯಸ್ಸಿಗೇ ಬೆರಳು ಕಳೆದುಕೊಂಡವರು, ಪಾದ ಕಳೆದುಕೊಂಡವರು ಓಣಿಗೆ ನಾಲ್ಕಾರು ಮಂದಿ. ಅದನ್ನು ಯಾರೂ ದೊಡ್ಡ ಸುದ್ದಿ ಎಂದುಕೊಳ್ಳುವುದಿಲ್ಲ.

ನನ್ನ ಅಕ್ಕ ಹಂಪವ್ವನ ಎಡಗಾಲು ಆ ಸರದಿಗೆ ಬಂದು ನಿಂತಿತ್ತು; ನಾನಿರುವುದೂ ಅವಳ ಮನೆಯಲ್ಲೇ. ಬಣ್ಣ ಕಪ್ಪಗಾಗುತ್ತಿತ್ತು, ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ದಿನಾ ಕಾಲಾಡಿಸಿ ರಕ್ತ ಇಳಿಯುವಂತೆ ಮಾಡದಿದ್ದರೆ ಬೇಗೆಮಾಸ ಕಳೆಯುವುದರೊಳಗೆ ಪಾದ ತೆಗೆಯಬೇಕಾಗುತ್ತದೆ ಎಂದು ಹೇಳಿದವರು ಡಾಕ್ಟರ್ ವೈಜಯಂತಿ. ಈಕೆ ತೆಂಕಣ ಸೀಮೆಯವರು, ಮಾತು ಬೆಣ್ಣೆಯಂತೆ. ಸರಕಾರದ ಬೆನ್ನುಹತ್ತಿ, ಕಾಡಿ ಬೇಡಿ, ಬತ್ತಿದ ಕಾಲುವೆಯ ಏರಿಯ ಮೇಲೆ ಬೆಳಗಿನ ಒಂದು ಹೊತ್ತು ಜನ ಓಡಾಡಬಹುದೆಂದು ಅಪ್ಪಣೆ ತಂದರು. ನಡಿಗೆ ಕೂಟ ಎಂದು ಹೆಸರಿಟ್ಟರು. ಗುಜರಿಯಿಂದ ಹಳೆಯ ಸೈಕಲ್ಲುಗಳನ್ನು ಎತ್ತಿ ತಂದು ರಿಪೇರಿ ಮಾಡಿಸಿದರು. ಆಮೇಲೆ ಧ್ವನಿಬಂಡಿಯನ್ನು ಓಣಿ ಓಣಿಗೆ ಕಳಿಸಿ ತಮ್ಮ ಬೆಣ್ಣೆ ದನಿಯಲ್ಲೇ ಸಾರಿಸಿದರು: “ನಾಳೆ ಬೆಳಿಗ್ಗೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ. ನಡೆಯಿರಿ. ಆರೋಗ್ಯವಾಗಿರಿ.”

ನಿಮಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ನಮಗೆ ಎದೆ ಒಡೆಯಿತು. ನಾವು ಎರಡು ಸಲ ಎತ್ತಂಗಡಿಯಾದ ಜನ. ಮೊದಲ ನೆಲೆ ನೀರಿನ ಕೆಳಗೆ ಹೋಯಿತು. ಎರಡನೆಯದು ತಾನೋಡಿಯ ಹೆದ್ದಾರಿಯ ಕೆಳಗೆ ಹೋಯಿತು. ಆ ಎರಡನೆಯ ಸಲ, ತಲೆ ಎಣಿಸಬೇಕು, ಎಲ್ಲರೂ ಬಯಲಿಗೆ ಬನ್ನಿ ಎಂದು ಮರ್ಯಾದೆಯಿಂದಲೇ ಕರೆದರು. ಹೋದೆವು. ಎಣಿಸುತ್ತಿದ್ದಂತೆಯೇ ಹಿಂದೆ ಬಾಗಿಲುಗಳಿಗೆ ಮೊಹರು ಬಿತ್ತು. ಆಮೇಲೆ ಧ್ವನಿಬಂಡಿಯಿಂದ ಬಂದದ್ದು ಒಂದೇ ಮಾತು, ನಡೀರಿ. ಅಂದಿನಿಂದ ನಮ್ಮ ಕಿವಿಯಲ್ಲಿ ಆ ಮಾತಿಗೆ ಗಂಟುಮೂಟೆ ಕಟ್ಟಿ ಎಂಬುದೊಂದೇ ಅರ್ಥ. ಮನೆಯಲ್ಲಿ ಮಕ್ಕಳಿಗೆ ಸಿಟ್ಟಿನಲ್ಲಿಯೂ ಅದನ್ನು ಆಡುವುದಿಲ್ಲ.

ಮರುದಿನ ಡಾಕ್ಟರಮ್ಮ ಬಿಳಿ ಬೂಟು ಹಾಕಿಕೊಂಡು, ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕಾಲುವೆ ಏರಿಯ ಮೇಲೆ ಕಾದರು. ಒಂದು ನರಪಿಳ್ಳೆಯೂ ಬರಲಿಲ್ಲ. ಓಣಿಗೆ ಬಂದು ನೋಡಿದರೆ ಪ್ರತಿ ಬಾಗಿಲಿಗೂ ಒಳಗಿನಿಂದ ಬೀಸುಕಲ್ಲು ಅಡ್ಡ ಕೊಟ್ಟಿತ್ತು, ಕಿಟಕಿಯಲ್ಲಿ ಕಟ್ಟಿದ ಗಂಟುಗಳು ಕಾಣುತ್ತಿದ್ದವು. ಕೊನೆಯಲ್ಲಿ ಆರೋಗ್ಯವಾಗಿರಿ ಎಂದದ್ದು ಕೇಳಿ, ಈ ಸಲ ಹರಸಿ ಕಳಿಸುತ್ತಿದ್ದಾರೆ ನೋಡು ಎಂದು ಎದುರುಮನೆಯ ಕಾಸೀಮಸಾಬನ ತಾಯಿ ರಾತ್ರಿಯಿಡೀ ಅತ್ತಿದ್ದಳಂತೆ. ನನ್ನ ಬಾಗಿಲು ಮಾತ್ರ ತೆರೆದಿತ್ತು. ಧೈರ್ಯ ನನಗೆ ಹುಟ್ಟಿನಿಂದ ಬಂದದ್ದು; ಬೀಸುಕಲ್ಲು ನಮ್ಮಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು.

“ನಾನು ಏನು ತಪ್ಪು ಹೇಳಿದೆ ಕಾಕಾ?” ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನಮ್ಮ ಕಡೆ ಸುಮ್ಮನೆ ಕಾಲಾಡಿಸಿ ಬರುವುದಕ್ಕೆ ಅಡ್ಡಾಡುವುದು ಎನ್ನುತ್ತೇವೆ, ಆ ಮಾತಿಗೆ ಯಾರೂ ಹೆದರುವುದಿಲ್ಲ ಎಂದೆ. ಹಿಗ್ಗಿ ಹೋಗಿ ಅದೇ ಸಂಜೆ ‘ಅಡ್ಡಾಡಲು ಬನ್ನಿ’ ಎಂದು ಸಾರಿಸಿದರು. ಎರಡು ಓಣಿ ಮುಗಿಯುವುದರೊಳಗೆ ದಾರಿಮಂಡಳಿಯ ಪೇದೆಗಳು ಬಂದು, ನಿಷಿದ್ಧವಾದ ಕೆಲಸಕ್ಕೆ ಜನರನ್ನು ಕರೆಯುತ್ತಿದೆಯೆಂದು ಧ್ವನಿಬಂಡಿಯನ್ನೇ ಎಳೆದುಕೊಂಡು ಹೋದರು. ಹಲಗೆಯ ಮೇಲಿನ ಮಾತೂ ಅದೇ ಅಲ್ಲವೇ? ಡಾಕ್ಟರಮ್ಮ ನನ್ನ ಕಟ್ಟೆಯ ಮೇಲೆ ಕುಸಿದು ಕೂತರು. ಒಂದು ಮಾತು ಆಡಿದರೆ ಜನ ಒಳಗೆ ಸೇರುತ್ತಾರೆ, ಇನ್ನೊಂದು ಆಡಿದರೆ ಪೇದೆ ಬರುತ್ತಾನೆ, ಕಾಲು ಉಳಿಸಿಕೊಳ್ಳಿ ಎಂದು ಇವರಿಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಕೇಳಿದರು. ಮಾತು ಬೇಡ, ನಾಳೆ ಮಾಡಿಯೇ ತೋರಿಸುತ್ತೇನೆ ಎಂದೆ. ಬೆಳಿಗ್ಗೆ ಎದ್ದವನೇ ಹೋಗಿ ಸೈಕಲ್ ಹತ್ತಿದೆ.

ಸೈಕಲ್ಲು ಯಾರೂ ಕಲಿಸದೆಯೇ ನನಗೆ ಬಂದುಬಿಟ್ಟಿತು. ಇಳಿಯುವುದು ಮಾತ್ರ ಆ ದಿನ ಬರಲಿಲ್ಲ. ಏರಿಯ ಮೇಲೆ ರಾಜನಂತೆ ಹೋಗಿ, ತಿರುವಿನಲ್ಲಿ ಸೈಕಲ್ ಸಮೇತ ಕಾಲುವೆಗೆ ಇಳಿದೆ. ಹೊಸ್ತಿಲುಗಳಲ್ಲಿ ಕೂತಿದ್ದವರೆಲ್ಲ ನೋಡಿದರು. “ಕಾಕಾ, ಕಾಲುವಿ ಅಳತಿ ಮಾಡಾಕ ಹ್ವಾದ್ಯೇನು?” ಎಂದು ಕಾಸೀಮಸಾಬ ಕೂಗಿದ. ನನ್ನನ್ನು ಎತ್ತಲು ಬಂದವರಲ್ಲಿ ಅವನೇ ಮೊದಲಿಗ. ಮರುದಿನ ಇನ್ನೊಮ್ಮೆ ಬೀಳುವುದನ್ನು ನೋಡಲು ಹತ್ತಾರು ಮಂದಿ ಬಂದರು. ನಾನು ಬೀಳದಿದ್ದರೂ ನಿರಾಶೆಯಿಲ್ಲದೆ ಏರಿಯ ತುದಿಯವರೆಗೆ ನನ್ನ ಹಿಂದೆಯೇ ಬಂದರು. ಹೀಗೆ ಯಾವ ಮಾತಿನ ಹಂಗೂ ಇಲ್ಲದೆ ಕೂಟ ಶುರುವಾಯಿತು.

ಆದರೆ ಯಾರಿಗಾಗಿ ಶುರುವಾಗಬೇಕಿತ್ತೋ ಅವರು ಬರಲಿಲ್ಲ. ನಿಮ್ಮ ಕಾಲದಲ್ಲಿ ಹೊಸ್ತಿಲ ಮೇಲೆ ಕೂರುವುದು ಅಪಶಕುನವಾಗಿತ್ತಂತೆ. ನಮ್ಮಲ್ಲಿ ಹೊಸ್ತಿಲು ಖಾಲಿ ಬಿಡುವುದು ಅಪಶಕುನ. ಮನುಷ್ಯ ಕೂತಿರುವ ಹೊಸ್ತಿಲನ್ನು ದಾಟಿ ಮೊಹರು ಹಾಕಬಾರದೆಂದು ನಿಯಮವಿದೆ; ಅದನ್ನು ನಾವು ಮನೆ ಕಳೆದುಕೊಂಡ ಮೇಲೆ ತಿಳಿದುಕೊಂಡೆವು. ಅಂದಿನಿಂದ ಮನೆಗೊಬ್ಬರು ಹೊಸ್ತಿಲಗಾರರು. ಪ್ರಾಯದವರು ತಾನೋಡಿ ಹತ್ತಿ ಕೆಲಸಕ್ಕೆ ಹೋಗುವುದರಿಂದ ಈ ಪಾಳಿ ಮುದುಕಿಯರಿಗೆ ಬರುತ್ತದೆ, ಮತ್ತು ನಡೆಯಬೇಕಾದ ಕಾಲುಗಳೂ ಅವರವೇ. ಹಂಪವ್ವ ಮಗ-ಸೊಸೆ ಗಿರಣಿಗೆ ಹೊರಟ ಕೂಡಲೇ ಹೊಸ್ತಿಲಿಗೆ ಬಂದು ಕೂರುತ್ತಾಳೆ. ಅಲ್ಲೇ ಊಟ, ಅಲ್ಲೇ ಕಾಳು ಆರಿಸುವುದು, ಅಲ್ಲೇ ಕೂತು ನನಗೆ ಬೈಯುವುದು. ಈ ನೆಲೆಗೆ ಬಂದ ಮೇಲೆ ಅವಳು ಅಂಗಳ ದಾಟಿದ್ದನ್ನು ನಾನು ಕಂಡಿರಲಿಲ್ಲ.

ಹೋಗಿ ಎದುರಿಗೆ ನಿಂತು, ಒಂದೀಟು ಎದ್ದು ಬಾ ಅಕ್ಕಾ ಎಂದೆ.

“ನಾ ಎದ್ರ ಮನಿ ಏಳತೈತಿ,” ಎಂದಳು.

ಕಾಲು ಹೋಗುತ್ತದೆ ಎನ್ನುತ್ತಾರೆ ಡಾಕ್ಟರು ಎಂದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ. “ಕುಂದ್ರಾಕ ಕಾಲ್ಯಾಕ ಬೇಕಲೇ?”

ಅಕ್ಕನ ಬಾಯಿಗೆ ಉತ್ತರ ಕೊಟ್ಟು ಗೆದ್ದವರು ನಮ್ಮ ಮನೆತನದಲ್ಲಿ ಇಲ್ಲ. ಅದಕ್ಕೇ ನಾನು ಅವಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತೆ. “ನಾ ಕುಂದರ್ತೀನಿ. ನೀ ಅಡ್ಡಾಡಿ ಬಾ.”

ಅವಳು ಮೊರ ಪಕ್ಕಕ್ಕಿಟ್ಟಳು. “ನೀ ಒಂದ ಕಡೆ ಕುಂತಿದ್ದು ಯಾರ ನೋಡ್ಯಾರ? ಯಾರರ ಬಂದು ದುಂಡಣ್ಣಾ ನಿನ್ನಂತಾವ ಇಲ್ಲ ಅಂದ್ರ ಅವ್ರ ಹಿಂದ ಹೋಗಿಬಿಡ್ತಿ.” ಆಮೇಲೆ ನನ್ನ ಕೈ ಹಿಡಿದು ತನ್ನ ಎಡಪಾದದ ಮೇಲೆ ಇಡಿಸಿ, ತಾನು ಬರುವವರೆಗೆ ಯಾರು ಕರೆದರೂ ಏಳುವುದಿಲ್ಲವೆಂದು ಆಣೆ ಮಾಡಿಸಿದಳು. ಆ ಉರಿಬಿಸಿಲಿನಲ್ಲಿಯೂ ಪಾದ ನೀರಿನ ಕೊಡದ ತಳದಂತೆ ತಣ್ಣಗಿತ್ತು. ನಾನು ಆಣೆ ಮಾಡಿದೆ.

ಮೊದಲ ದಿನ ಬೇವಿನ ಗಿಡದವರೆಗೆ ಹೋಗಿ, ಹತ್ತು ಸಲ ಹಿಂದಕ್ಕೆ ತಿರುಗಿ ನೋಡಿ, ವಾಪಸು ಬಂದಳು. ನಂತರ ಕಾಲುವೆಯ ಬಾಯಿಯವರೆಗೆ. ಆಮೇಲೆ ಕಾಸೀಮಸಾಬ ತನ್ನ ತಾಯಿಯ ಜಾಗದಲ್ಲಿ ಕೂತ. ಓಣಿಯ ಸೋಮಾರಿಗಳೆಲ್ಲ ಒಬ್ಬೊಬ್ಬರಾಗಿ ಕೆಲಸಕ್ಕೆ ಬಂದರು. ಮುದುಕಿಯರು ಏರಿಯ ಮೇಲೆ, ಗಂಡಸರು ಹೊಸ್ತಿಲ ಮೇಲೆ. ಡಾಕ್ಟರಮ್ಮನ ವರದಿಯಲ್ಲಿ ನಡೆದವರ ಹೆಸರು ಮಾತ್ರ ಇರುತ್ತದೆ, ಕೂತವರ ಹೆಸರು ಬರೆಯಲು ಅಂಕಣವಿಲ್ಲವಂತೆ. ಇರಲಿ. ಕೂತಲ್ಲಿಂದಲೇ ಒಂದು ಊರನ್ನು ನಡೆಸಿದವನು ನನ್ನನ್ನು ಬಿಟ್ಟು ಬೇರೆ ಯಾವನಾದರೂ ನಿಮ್ಮ ಕಾಲದಲ್ಲಿದ್ದರೆ ತಿಳಿಸಿ. ಹೋದ ವಾರ ಡಾಕ್ಟರಮ್ಮ ಅಕ್ಕನ ಪಾದ ಮುಟ್ಟಿ ನೋಡಿ, ಹಿಮ್ಮಡಿ ಬೆಚ್ಚಗಾಗಿದೆ ಎಂದರು. ಹೆಬ್ಬೆರಳು ಇನ್ನೂ ಕಪ್ಪಗಿದೆ. ಉಳಿಯಬಹುದು, ನಿಲ್ಲಿಸಬಾರದು, ಒಂದು ದಿನವೂ ನಿಲ್ಲಿಸಬಾರದು ಎಂದು ಹೇಳಿ ಹೋದರು.

ಇನ್ನು ಇವತ್ತಿನ ಮಾತು. ಬೆಳಿಗ್ಗೆ ಅಕ್ಕ ಹೊರಟ ಸ್ವಲ್ಪ ಹೊತ್ತಿಗೆ ಹಳದಿ ಅಂಗಿಯ ಇಬ್ಬರು ಓಣಿಗೆ ಬಂದರು. ಕೈಯಲ್ಲಿ ಬಿದಿರ ಗಳಗಳು, ಅಳತೆಯ ಪಟ್ಟಿ. ಅವರಲ್ಲೊಬ್ಬ ನನ್ನ ಮುಂದೆ ಬಂದು ಕೈಮುಗಿದ. “ಅಜ್ಜಾರ, ಒಂದ ನಿಮಿಷ ಎದ್ದು ನಿಲ್ರಿ, ಹೊಸ್ತಿಲಿಂದ ಅಳತಿ ಹಿಡೀಬೇಕು.” ಅಜ್ಜ ಎಂದದ್ದೇ ನನಗೆ ಹಿಡಿಸಲಿಲ್ಲ. ಯಾವುದಕ್ಕೆ ಅಳತೆ ಎಂದು ಕೇಳಿದೆ. ಏರಿಯ ದಾರಿಗೆ ನೆರಳುಚಪ್ಪರ ಹಾಕುತ್ತಾರೆ, ನಿಮ್ಮ ನಡಿಗೆ ಕೂಟಕ್ಕೇ ಅನುಕೂಲ ಎಂದ. ಇರಬಹುದು. ಎಳೆಯ ಹುಡುಗ, ಕಣ್ಣಲ್ಲಿ ಕಪಟ ಕಾಣಲಿಲ್ಲ. ಬಯಲಲ್ಲಿ ನಮ್ಮ ತಲೆ ಎಣಿಸಿದವನ ಕಣ್ಣಲ್ಲಿಯೂ ಕಂಡಿರಲಿಲ್ಲ. ಹಿಂದಂಚೆಗೆ ಪತ್ರ ಬರೆಯುತ್ತಿದ್ದೇನೆ, ಮುಗಿದ ಮೇಲೆ ನೋಡೋಣ ಎಂದೆ. ಹಿಂದಂಚೆಯ ಪತ್ರ ಬರೆಯುವವನನ್ನು ಎಬ್ಬಿಸಬಾರದೆಂಬುದು ಎಲ್ಲರಿಗೂ ಗೊತ್ತು. ಕಾಸೀಮಸಾಬ ಕಾಗದ, ಲೇಖನಿಯನ್ನು ಅಂಗಳದಾಚೆಯಿಂದ ಎಸೆದ. ಅವರಿಬ್ಬರೂ ಬೇವಿನ ಕೆಳಗೆ ಕಾಯುತ್ತ ಕೂತಿದ್ದಾರೆ. ಈ ಪತ್ರ ಇಷ್ಟು ಉದ್ದವಾದದ್ದಕ್ಕೆ ಕಾರಣ ಅದು.

ನಿಮ್ಮ ಕಾಲದಲ್ಲಿ ಜನರನ್ನು ನಡೆಯಿರಿ, ಸೈಕಲ್ ಹೊಡೆಯಿರಿ ಎಂದು ಕರೆಯುವ ಕೂಟಗಳು ಬಹಳ ಇದ್ದವೆಂದು ಓದಿದ್ದೇನೆ. ಒಳ್ಳೆಯ ಕೆಲಸ, ಮಾಡಿ. ನಿಮಗೆ ಇನ್ನೂ ದಾರಿಯ ಬದಿ ಎಂಬುದಿದೆ, ಅದನ್ನು ಬಂಡಿಗಳಿಗೆ ಬಿಟ್ಟುಕೊಡಬೇಡಿ. ಒಮ್ಮೆ ಹೋದರೆ ನಮ್ಮಂತೆ ಕಾಲುವೆ ಬತ್ತುವವರೆಗೆ ಕಾಯಬೇಕಾಗುತ್ತದೆ. ಆದರೆ ನನ್ನ ಬೇಡಿಕೆ ಅದಕ್ಕಿಂತ ಸಣ್ಣದು. ಒಬ್ಬ ಮುದುಕಿಯನ್ನು ಕಾಲಾಡಿಸಿ ಬಾರವ್ವಾ ಎಂದು ಕರೆಯುವ ಮೊದಲು, ತಿರುಗಿ ಬಂದಾಗ ಅವಳ ಬಾಗಿಲು ತೆರೆದಿರುತ್ತದೆಂದು ಅವಳು ನಂಬುವಂತೆ ಮಾಡಿ. ಉಳಿದದ್ದನ್ನು ಕಾಲುಗಳೇ ನೋಡಿಕೊಳ್ಳುತ್ತವೆ. ಈಗ ನಡೀರಿ ಎಂದು ಯಾರನ್ನಾದರೂ ನೀವು ಎಬ್ಬಿಸುತ್ತಿದ್ದರೆ, ಅವರ ಮರಿಮಕ್ಕಳು ನಾವು.

ಅಕ್ಕ ಇನ್ನೂ ಬಂದಿಲ್ಲ. ಇಷ್ಟು ಹೊತ್ತು ಎಂದೂ ಮಾಡಿಲ್ಲ. ಏರಿಯ ಆಚೆ ತುದಿಯವರೆಗೆ ಹೋಗಿರಬೇಕು, ಅಷ್ಟು ದೂರ ಅವಳ ಕಾಲು ಬಂದಿದೆಯೆಂದರೆ ನಾನು ಹಿಗ್ಗಬೇಕು. ಕಾಸೀಮಸಾಬ ಯಾರನ್ನಾದರೂ ಓಡಿಸಿ ಕರೆತರಲೇ ಎಂದು ಸನ್ನೆ ಮಾಡಿ ಕೇಳಿದ. ಬೇಡವೆಂದು ತಲೆಯಾಡಿಸಿದೆ. ಹೆದರಿ ಓಡಿ ಬಂದರೆ ನಾಳೆಯಿಂದ ಮತ್ತೆ ಹೊರಗೆ ಕಾಲಿಡುವುದಿಲ್ಲ. ನಿಧಾನವಾಗಿಯೇ ಬರಲಿ. ಹಳದಿ ಅಂಗಿಯವರಲ್ಲಿ ದೊಡ್ಡವನು ಎದ್ದು ನಿಂತು ಅಂಗಿ ಝಾಡಿಸಿಕೊಳ್ಳುತ್ತಿದ್ದಾನೆ. ಹಾಳೆ ಮುಗಿದು ಅಂಚಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸಣ್ಣದಾದರೆ ಸಿಟ್ಟಾಗಬೇಡಿ. ಇನ್ನು ಬರೆಯಲು ಏನೂ ಉಳಿದಿಲ್ಲ, ಆದರೂ ಅವನು ನೋಡುತ್ತಿರುವವರೆಗೆ ನನ್ನ ಕೈ ಆಡುತ್ತಿರಬೇಕು.