ಅರ್ಪಣೆಯ ಪುಟ

ಗಜೇಂದ್ರಗಡ
9 ನವೆಂಬರ್ 2024, ಶನಿವಾರ

ಪ್ರೀತಿಯ ಅಕ್ಕ ಮಧುಮತಿಗೆ ನಿನ್ನ ತಂಗಿಯ ನಮಸ್ಕಾರ.

ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮನೆಯಲ್ಲಿರುವುದು ಅವ್ವನ ಫೋನೊಂದೇ. ಅದರಿಂದ ಕಳಿಸಿದರೆ ಅವಳ ಹೆಸರಿನಲ್ಲೇ ನಿನಗೆ ಮುಟ್ಟುತ್ತದೆ. ಹಾಗೆ ಇನ್ನೊಮ್ಮೆ ಆಗಬಾರದು.

ನಿನ್ನ ಪ್ರಬಂಧದ ಅರ್ಪಣೆಯ ಪುಟದ ಚಿತ್ರ ನಿನ್ನೆ ಬಂತು. ಅವ್ವನ ಹೆಸರಿನ ಕೆಳಗೆ ಅವಳ ಕೊನೆಯ ಸಂದೇಶ ಹಾಕಿದ್ದೀಯ: ‘ಮಧವ್ವಾ, ಉಂಡಿ ಏನ? ನಾ ಆರಾಮ ಅದೀನಿ. ನೀ ಓದು ಮುಗಿಸೇ ಬಾ.’ ಸೋಮವಾರ ಬೈಂಡಿಂಗಿಗೆ ಹೋಗುತ್ತದಂತೆ. ಆ ಪುಟ ತೆಗೆದುಬಿಡು. ಆ ಮಾತು ಅವ್ವನದಲ್ಲ, ನನ್ನದು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ನಾನು ಒತ್ತಿ ಕಳಿಸುತ್ತಿದ್ದೆ. ಆಗಸ್ಟಿನ ಆ ಎಂಟು ದಿನ ಅವಳು ಹೇಳಿದ್ದೇ ಬೇರೆ, ನಾನು ಬರೆದದ್ದೇ ಬೇರೆ. ಜ್ವರ ಏರಿ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಡಲೂ ಆಗದೆ ಮಲಗಿದ್ದಳು. ನೀನು ಕರೆ ಮಾಡಿದಾಗಲೆಲ್ಲ, ನೇಯುತ್ತಿದ್ದಾಳೆ ಎಂದೆ. ‘ಉಂಡಿ ಏನ’ ಎಂದು ಅವಳ ಹಾಗೆಯೇ ಶುರುಮಾಡುತ್ತಿದ್ದೆ. ನಿನಗೆ ಅನುಮಾನ ಬರುವುದಾದರೂ ಹೇಗೆ?

ಯುಗಾದಿಗೆ ಬಂದಾಗ ನೀನು ನಿನ್ನ ಪ್ರಬಂಧದ ವಿಷಯ ಹೇಳಿದ್ದೆ. ವೈರಸ್ ಹೊಕ್ಕ ಜೀವಕೋಶ ಕೂಗಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಕೆಲವು ವೈರಸ್‌ಗಳು ಆ ಕೂಗನ್ನು ಕೇಳುವ ಕಿವಿಯಂಥದೇ ಪ್ರೋಟೀನು ಮಾಡಿ ಹೊರಗೆ ಬಿಡುತ್ತವೆ. ಕೂಗೆಲ್ಲ ಆ ಸುಳ್ಳು ಕಿವಿಗೇ ಅಂಟಿಕೊಳ್ಳುತ್ತದೆ. ‘ಅಂದ್ರ ಬಾಜೂ ಮನಿಯವರು ಆರಾಮ ಮಲಗಿರ್ತಾರ’ ಎಂದೆ ನಾನು. ‘ಸಾಲಿ ಬಿಟ್ಟಾಕಿಗಿ ಭಾಳ ಲಗೂ ತಿಳೀತಲ್ಲ’ ಎಂದು ನಕ್ಕೆ ನೀನು. ಅವ್ವನೂ ನಕ್ಕಳು.

ನಿನ್ನ ಓದಿಗೆ ತೊಂದರೆಯಾಗಬಾರದೆಂದು ಮುಚ್ಚಿಟ್ಟೆ ಅಂತ ಬರೆಯಬಹುದು. ಅದು ಸುಳ್ಳು. ನೀನು ಬಂದರೆ ಮನೆಯಲ್ಲಿ ನಿನ್ನ ಮಾತೇ ನಡೆಯುತ್ತದೆ. ಯಾವ ಕೆಲಸದಲ್ಲೂ ನಿಲ್ಲದ ನಾನು ಇದೊಂದನ್ನಾದರೂ ಒಬ್ಬಳೇ ಮಾಡಿ ತೋರಿಸಬೇಕಿತ್ತು. ನಾನೇ ಅವಳನ್ನು ಎಬ್ಬಿಸಿ ಮಗ್ಗಕ್ಕೆ ಕೂರಿಸುತ್ತೇನೆ ಎಂದುಕೊಂಡೆ. ಒಂಬತ್ತನೆಯ ದಿನ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ನೀನು ‘ಅವ್ವ ನನ್ನ ಕರೀಲೇ ಇಲ್ಲಲ್ಲ’ ಎಂದು ಅತ್ತೆ. ಕರೆದಿದ್ದಳು, ಅಕ್ಕ. ದಿನಾ ಕರೆದಳು.

ನಾಳೆ ಧಾರವಾಡಕ್ಕೆ ಹೊರಟಿರುವ ನನ್ನ ಗೆಳತಿ ಶಬನಮಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಪುಟ ಮಾತ್ರ ತೆಗೆ.

ನಿನ್ನ ತಂಗಿ,
ನೀಲಾ

ತಾ.ಕ.: ನಾನು ಎಷ್ಟು ಎಳೆದರೂ ಅವ್ವ ಆಸ್ಪತ್ರೆಗೆ ಏಳಲಿಲ್ಲ. ಮೂರನೆಯ ದಿನ ಅವಳು ಹೇಳಿ ಬರೆಸಿದ್ದು, ನಾನು ಕಳಿಸದೆ ಅಳಿಸಿದ್ದು ಇದು: ‘ಮಧವ್ವಾ, ಲಗೂ ಬಾ. ನೀ ಬಂದ್ರ ದವಾಖಾನಿಗೆ ಬರ್ತೀನಿ.’