ಮೆಕ್ಯಾನಿಕ್ ಇದ್ದಾರೆ, ಇಬ್ಬರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.40

ಕಾರು ಇವತ್ತೂ ಕಿರುಚಿತು. ಐದೂವರೆಗೆ ಐಸ್ ಬಾಕ್ಸ್, ಟ್ಯೂಬು, ಸೂಜಿ, ಚೀಟಿಗಳು — ಎಲ್ಲ ಹಿಂದಿನ ಸೀಟಿಗೆ. ಕೀ ತಿರುಗಿಸಿದ್ದೇ ತಡ, ಬಾನೆಟ್ಟಿನೊಳಗಿಂದ ಕೀಂ... ಬೀದಿ ನಾಯಿಗಳೆಲ್ಲ ಎದ್ದವು. ಮಹಡಿ ಮೇಲಿನ ಓನರ್ ಕಿಟಕಿಯನ್ನು ಧಡಾರನೆ ಮುಚ್ಚಿದರು. ಏನು ಮಾಡಲಿ? ಪರೀಕ್ಷೆಗೆ ರಕ್ತ ಕೊಡುವವರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ. ಏಳು ಮನೆ, ಏಳು ತೋಳು, ಎಂಟರೊಳಗೆ ಲ್ಯಾಬಿಗೆ.

ಮೊದಲ ಮನೆಯ ಮೇಷ್ಟ್ರು — ವಾರಕ್ಕೊಮ್ಮೆ ಸಕ್ಕರೆ ಪರೀಕ್ಷೆ — ಅಂಗಿಯ ತೋಳು ಮಡಚಿಕೊಂಡೇ ಬಾಗಿಲು ತೆಗೆದರು. "ನಿಮ್ಮ ಗಾಡಿ ಎರಡು ಬೀದಿ ಆಚೆ ಇರೋವಾಗ್ಲೇ ಗೊತ್ತಾಗುತ್ತೆ ಕಣಮ್ಮ. ಅಲಾರಂ ಇಡೋದೇ ಬಿಟ್ಟಿದ್ದೀನಿ."

ನಗಬೇಕೋ ಅಳಬೇಕೋ.

ಮಾರ್ಚ್ 4, ಮಂಗಳವಾರ. ಸಂಜೆ

ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ, "ಬೆಲ್ಟ್ ಎರಡೂ ಹೋಗಿವೆ" ಎಂದು ಎಂಜಿನ್ನಿಗೆ ಹೇಳಿದರು. ನನಗಲ್ಲ. ನಾನೂ ಬಗ್ಗಿದೆ. ಒಳಮೈಯೆಲ್ಲ ಬಿರುಕು, ಅಂಚಿನಲ್ಲಿ ನೂಲು ಬಿಟ್ಟುಕೊಂಡಿದೆ. ತುಂಡಾದರೆ ಏನಾಗುತ್ತದೆ ಎಂದು ಕೇಳಿದೆ.

"ಯಜಮಾನ್ರು ಬರಲಿಲ್ವಾ?"

"ಇಲ್ಲ. ನನಗೇ ಹೇಳಿ."

"ಇದೆಲ್ಲ ನಿಮಗೆ ಅರ್ಥ ಆಗಲ್ಲ ಮೇಡಂ. ನಾನು ಅವರ ಹತ್ರಾನೇ ಮಾತಾಡ್ತೀನಿ ಬಿಡಿ."

ಹದಿನಾರು ವರ್ಷದಿಂದ ಜನರ ನರ ಹುಡುಕಿ ಸೂಜಿ ಚುಚ್ಚುತ್ತಿದ್ದೇನೆ. ಒಂದು ರಬ್ಬರ್ ಪಟ್ಟಿ ಅರ್ಥವಾಗುವುದಿಲ್ಲವಂತೆ.

ಯಜಮಾನರು ಮನೆಬಿಟ್ಟು ಎಂಟು ತಿಂಗಳಾಯಿತು. ಎರಡು ಸೂಟ್‌ಕೇಸ್ ಹಿಡಿದು ನಿಂತು ತಾಯಿಯನ್ನೂ ಕರೆದರು. ಅತ್ತೆ, "ನೀನು ಹೋಗೋದಾದ್ರೆ ಹೋಗು. ನಾನು ನನ್ನ ಸೊಸೆ ಹತ್ರ ಇರ್ತೀನಿ" ಎಂದವರೇ ಒಳಗೆ ಹೋಗಿ ಬಟ್ಟೆ ಮಡಚಲು ಕೂತರು. ಬೀದಿಯವರಿಗೆ ಇದು ಇನ್ನೂ ಜೀರ್ಣವಾಗಿಲ್ಲ.

ಅದೇ ದಿನ, 7.15

ಮಹಾಶಯರ ಫೋನ್ ಬಂತು. ಮೆಕ್ಯಾನಿಕ್ ನಿಜವಾಗಿಯೂ ಅವರಿಗೆ ಹೇಳಿದ್ದಾರೆ!

"ಗಾಡಿ ಹಳೇದಾಯ್ತು, ಮಾರಿಬಿಡೋಣ. ಹದಿನಾರಕ್ಕೆ ಪಾರ್ಟಿ ಕರ್ಕೊಂಡು ಬರ್ತೀನಿ."

"ನಾನು ಕೆಲಸಕ್ಕೆ ಹೇಗೆ ಹೋಗಲಿ?"

"ಬೇರೆ ಏನಾದ್ರೂ ನೋಡ್ಕೋ. ಗಾಡಿ ಇಟ್ಕೊಳ್ಳೋದೆಲ್ಲ ನಿನ್ನ ಕೈಲಾಗೋ ಕೆಲಸ ಅಲ್ಲ."

ಗಾಡಿ ಅವರ ಹೆಸರಿನಲ್ಲೂ ಇಲ್ಲ, ನನ್ನ ಹೆಸರಿನಲ್ಲೂ ಇಲ್ಲ. ಮಾವ ತೀರಿಕೊಳ್ಳುವ ಮುಂಚೆ ಅತ್ತೆಯ ಹೆಸರಿಗೆ ಮಾಡಿಸಿದ್ದರು. ಅಮ್ಮ ಸಹಿ ಹಾಕೇ ಹಾಕುತ್ತಾರೆ ಎಂಬ ಧೈರ್ಯ ಮಹಾಶಯರದು.

ಕೈಲಾಗೋ ಕೆಲಸ ಅಲ್ಲ. ನೋಡೋಣ.

ಮಾರ್ಚ್ 6, ಗುರುವಾರ

ಎರಡು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿದ್ದೇ ನೋಡಿದ್ದು. ಈಗ ಗೊತ್ತು. ಒಂದು ಬೆಲ್ಟು ಎಸಿಯದು. ಅದರ ಹಿಂದಿನದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಆ ಹಿಂದಿನದು ದಾರಿಯಲ್ಲಿ ತುಂಡಾದರೆ ಎಂಜಿನ್ ಕಾದು ಗಾಡಿ ನಿಲ್ಲುತ್ತದೆ. ಬಾಕ್ಸಿನಲ್ಲಿರುವ ರಕ್ತವೆಲ್ಲ ಹಾಳು. ಆಮೇಲೆ ನನ್ನ ಕೆಲಸವೂ.

ಹಳೆಯ ಬೆಲ್ಟುಗಳ ಬೆನ್ನ ಮೇಲಿನ ನಂಬರ್ ಬರೆದುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ.

"ಯಾರು ಹಾಕೋದು?"

"ನಾನೇ."

ಅಂಗಡಿಯವರು ಒಂದು ಕ್ಷಣ ನೋಡಿದರು. ಇನ್ನೊಂದು ಉಪದೇಶ ಬಂತು ಎಂದುಕೊಂಡೆ. ಬಂದದ್ದು ಬೇರೆ. "ಬಿಚ್ಚೋಕ್ ಮುಂಚೆ ಯಾವುದು ಹೇಗೆ ಸುತ್ತಿದೆ ಅಂತ ಚಿತ್ರ ಬರ್ಕೊಳ್ಳಿ. ಬ್ಯಾಟರಿ ತಂತಿ ಮೊದಲು ತೆಗೀರಿ. ಅಷ್ಟೇ, ಭಯ ಏನಿಲ್ಲ."

ಕಣ್ಣು ತುಂಬಿಬಂತು. ಒಂದು ಸಾದಾ ಮಾತಿಗೆ!

ಮನೆಯಲ್ಲಿ ಅತ್ತೆ ಕವರು ಬಿಚ್ಚಿದರು. ಒಂದು ಬೆಲ್ಟನ್ನು ಹೊರಳಿಸಿ, ಬಗ್ಗಿಸಿ, ಮೂಗಿಗೆ ಹಿಡಿದರು. "ಒಳ್ಳೇ ಮಾಲು. ನಮ್ಮ ಗಿರಣಿದು ಇದರ ನಾಲ್ಕರಷ್ಟು ಅಗಲ ಇತ್ತು."

ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಮಾವ ನಡೆಸುತ್ತಿದ್ದರು, ಅತ್ತೆ ಹಿಟ್ಟು ತೂಗುತ್ತಿದ್ದರು ಎಂದೇ ನಾನು ತಿಳಿದಿದ್ದೆ.

"ಬೆಲ್ಟ್ ಹಾಕ್ತಿದ್ದದ್ದು ನಾನು. ನಿಮ್ಮ ಮಾವನಿಗೆ ಬೆರಳು ಸಿಕ್ಕೊಳ್ಳುತ್ತೆ ಅಂತ ಹೆದರಿಕೆ. ಗಿರಾಕಿಗಳ ಮುಂದೆ ಮಾತ್ರ, 'ಈಗ ತಾನೇ ಹಾಕ್ದೆ' ಅಂತ ಕೈ ಒರೆಸ್ಕೊಳ್ಳೋರು."

"ನೀವು ಸುಮ್ಮನಿದ್ರಾ?"

"ನನ್ನನ್ನ ಕೇಳಿದೋರು ಯಾರು?"

ಮಾರ್ಚ್ 9, ಭಾನುವಾರ. 9.10

ರಜೆ. ಎಂಜಿನ್ ತಣ್ಣಗಿದೆ. ಬ್ಯಾಟರಿ ತಂತಿ ತೆಗೆದಾಯಿತು. ಚಿತ್ರ ಬರೆದಾಯಿತು — ಮಗು ಬರೆದ ಸೈಕಲ್ಲಿನಂತಿದೆ, ಆದರೂ ನನಗೆ ಅರ್ಥವಾಗುತ್ತದೆ. ಅತ್ತೆ ಸ್ಟೂಲು ಹಾಕಿಕೊಂಡು ಟಾರ್ಚ್ ಹಿಡಿದು ಕೂತಿದ್ದಾರೆ.

11.30

ಹೊರಗಿನ ಬೆಲ್ಟು ಬಂತು. ಒಳಗಿನದಕ್ಕೆ ಆಲ್ಟರ್ನೇಟರಿನ ಬೋಲ್ಟ್ ಸಡಿಲವಾಗಬೇಕು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರ್ ಜಾರಿ ಎರಡು ಬೆರಳಿನ ಗೆಣ್ಣಿನ ಚರ್ಮ ಕಿತ್ತುಹೋಯಿತು. ಮಹಡಿಯಿಂದ ಓನರ್ ಇಣುಕಿದರು.

"ಏನಮ್ಮಾ, ಮೆಕ್ಯಾನಿಕ್ ಸಿಗಲಿಲ್ವಾ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ತಲೆಯೆತ್ತದೆ ಹೇಳಿದರು: "ಇದ್ದಾರಲ್ಲ, ಇಬ್ಬರು."

ಬೋಲ್ಟಿಗೆ ಎಣ್ಣೆ ಬಿಟ್ಟು ಕಾಲು ಗಂಟೆ ಕಾಯಿಸಿದರು. ಆಮೇಲೆ ಸ್ಪ್ಯಾನರಿನ ತುದಿಗೆ ಪೈಪಿನ ತುಂಡು ಸಿಕ್ಕಿಸಿ, "ಈಗ ಎಳಿ." ಕಟ್ ಎಂದಿತು. ಬೋಲ್ಟ್ ಮುರಿದೇ ಹೋಯಿತು ಎಂದುಕೊಂಡೆ. ಇಲ್ಲ, ತಿರುಗಿತು!

1.20

ಎರಡೂ ಹೊಸದು ಹಾಕಿ ಬಿಗಿ ಮಾಡಿ, ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದೆ. ಹಿಂದಿಗಿಂತ ಜೋರು ಕಿರುಚಾಟ. ಸುಟ್ಟ ರಬ್ಬರಿನ ವಾಸನೆ. ಆಫ್ ಮಾಡಿದೆ. ಮೇಲೆ ಯಾರೋ ನಕ್ಕರು.

ಮೆಟ್ಟಿಲ ಮೇಲೆ ಕುಸಿದೆ. ಕೈಲಾಗೋ ಕೆಲಸ ಅಲ್ಲ, ಕೈಲಾಗೋ ಕೆಲಸ ಅಲ್ಲ... ಅವರ ದನಿಯೇ ಕಿವಿಯಲ್ಲಿ.

"ಅಳೋದಾದ್ರೆ ಕೈ ತೊಳ್ಕೊಂಡು ಅಳು" ಎಂದರು ಅತ್ತೆ. "ಮುಖಕ್ಕೆಲ್ಲ ಗ್ರೀಸ್ ಆಗುತ್ತೆ."

ನಗು ಬಂದುಬಿಟ್ಟಿತು. ಎದ್ದೆ.

3.45

ಸಿಕ್ಕಿತು. ಒಳಗಿನ ಬೆಲ್ಟು ಕೆಳಗಿನ ಪುಲ್ಲಿಯ ಮೈಮೇಲಿನ ಗೀರುಗಳಲ್ಲಿ ಒಂದು ಸಾಲು ಆಚೆ ಕೂತಿತ್ತು. ಕಣ್ಣಿಗೆ ಕಾಣದ ಜಾಗ. ಕಣ್ಣು ಮುಚ್ಚಿ ಬೆರಳಾಡಿಸಿದೆ, ದಪ್ಪ ತೋಳಿನಲ್ಲಿ ನರ ಹುಡುಕುವ ಹಾಗೆ. ಅಂಚು ಬೆರಳಿಗೆ ತಗುಲಿತು. ಎರಡನ್ನೂ ಮತ್ತೆ ಬಿಚ್ಚಿ, ಪ್ರತಿ ಸಾಲನ್ನೂ ಉಗುರಿನಲ್ಲಿ ತಡವಿ ಕೂರಿಸಿದೆ. ಬಿಗಿ ಎಷ್ಟಿರಬೇಕು? ಅತ್ತೆ ಬಗ್ಗಿ ಹೆಬ್ಬೆರಳಿನಿಂದ ಬೆಲ್ಟಿನ ನಡುಮಧ್ಯ ಒತ್ತಿದರು. "ಸಾಲ್ದು... ಇನ್ನೊಂದ್ ಚೂರು... ಹಾಂ, ನಿಲ್ಸು. ಇದಕ್ಕಿಂತ ಬಿಗಿದ್ರೆ ಬೇರಿಂಗ್ ತಿಂದ್ಹಾಕುತ್ತೆ."

ಕೀ ತಿರುಗಿಸಿದೆ.

ಎಂಜಿನ್ನಿನ ಸದ್ದು ಮಾತ್ರ. ಬೇರೇನೂ ಇಲ್ಲ. ಅತ್ತೆ ಟಾರ್ಚ್ ಆರಿಸುವುದನ್ನೇ ಮರೆತು ನಿಂತಿದ್ದರು.

ಮಾರ್ಚ್ 10, ಸೋಮವಾರ

ನಾಯಿಗಳು ಏಳಲಿಲ್ಲ. ಮೇಷ್ಟ್ರೂ ಏಳಲಿಲ್ಲ! ಬೆಲ್ ಮೂರು ಸಲ ಒತ್ತಿದ ಮೇಲೆ ಕಣ್ಣುಜ್ಜುತ್ತಾ ಬಂದರು. "ಗಾಡಿ ಕೂಗಲೇ ಇಲ್ವಲ್ಲಮ್ಮ! ಏನಾದ್ರೂ ಕೆಟ್ಟಿದೆಯಾ?"

"ಇಲ್ಲ ಮೇಷ್ಟ್ರೇ. ರಿಪೇರಿ ಮಾಡ್ದೆ."

"ಮಾಡಿಸಿದ್ರಾ?"

"ಮಾಡ್ದೆ."

ಸೂಜಿ ತೆಗೆಯುವವರೆಗೂ ನನ್ನ ಚರ್ಮ ಕಿತ್ತ ಗೆಣ್ಣುಗಳನ್ನೇ ನೋಡುತ್ತಿದ್ದರು.

ಮಾರ್ಚ್ 16, ಭಾನುವಾರ. ಸಂಜೆ

ಆರು ದಿನ ಬರೆಯಲಿಲ್ಲ. ಬರೆಯಲು ಹೆದರಿಕೆ. ಅತ್ತೆ ಸಹಿ ಹಾಕುತ್ತಾರೋ ಇಲ್ಲವೋ ಎಂದು ಕೇಳಲೂ ಇಲ್ಲ. ಎಷ್ಟಾದರೂ ಹೆತ್ತ ಮಗ.

ಹತ್ತೂವರೆಗೆ ಮಹಾಶಯರು ಬಂದರು. ಜೊತೆಗೆ ಗಾಡಿ ಕೊಳ್ಳುವವರು, ಬಿಳಿ ಮೀಸೆಯ ಟ್ಯಾಕ್ಸಿ ಮಾಲೀಕರು. ಅವರು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಬೆಲ್ಟು ಒತ್ತಿ ನೋಡಿದರು.

"ಬೆಲ್ಟ್ ಹೊಸದು. ಹದವಾಗಿ ಕೂರಿಸಿದ್ದಾರೆ. ಯಾರ ಕೈದು?"

"ನಮ್ಮ ಮೆಕ್ಯಾನಿಕ್ಕು" ಎಂದರು ಮಹಾಶಯರು, ರೆಪ್ಪೆ ಮಿಟುಕಿಸದೆ. "ನಾನೇ ಹೇಳಿ ಹಾಕಿಸಿದ್ದು."

ನಾನು ಬಾಗಿಲಲ್ಲಿ. ರಕ್ತ ತಲೆಗೇರಿತು. ಅಷ್ಟರಲ್ಲಿ ಅತ್ತೆ ನನ್ನನ್ನು ಸರಿಸಿಕೊಂಡು ಅಂಗಳಕ್ಕೆ ಇಳಿದರು.

"ಹಾಕಿದ್ದು ನನ್ನ ಸೊಸೆ. ಹದ ನೋಡಿದ್ದು ನಾನು. ನೀನು ಆ ದಿನ ಎಲ್ಲಿದ್ದೆಯೋ ನಮಗೆ ಗೊತ್ತಿಲ್ಲ."

"ಅಮ್ಮಾ, ಹೊರಗಿನೋರ ಮುಂದೆ..."

"ಹೊರಗಿನೋರ ಮುಂದೆ ಸುಳ್ಳು ಹೇಳಿದ್ದು ನೀನು ಕಣೋ. ಪೇಪರ್ ತಂದಿದ್ದೀಯಾ? ಒಳಗಿಟ್ಕೋ. ನಾನು ಸಹಿ ಹಾಕಲ್ಲ."

ಮಹಾಶಯರು ನನ್ನ ಕಡೆ ತಿರುಗಿದರು. "ನೀನೇ ಅಮ್ಮನ ಕಿವಿ ಚುಚ್ಚಿದ್ದೀಯ."

"ನಾನು ಚುಚ್ಚೋದು ತೋಳಿಗೆ" ಎಂದೆ. ಎಲ್ಲಿಂದ ಬಂತೋ ಆ ಮಾತು! ಟ್ಯಾಕ್ಸಿ ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ಅತ್ತೆಗೆ ನಮಸ್ಕಾರ ಮಾಡಿ ಮೊದಲು ಹೊರಟವರು ಅವರೇ.

ಮಗ ಹೋದ ಮೇಲೆ ಅತ್ತೆ ಮೆಟ್ಟಿಲ ಮೇಲೆ ಕೂತರು. ಪಕ್ಕದಲ್ಲಿ ಕೂತೆ. ಕಣ್ಣೊರೆಸಿಕೊಂಡರು.

ಮಾರ್ಚ್ 18, ಮಂಗಳವಾರ. 10.05

ಲ್ಯಾಬಿನಿಂದ ಬರುವಷ್ಟರಲ್ಲಿ ಅತ್ತೆ ಇಸ್ತ್ರಿ ಸೀರೆ ಉಟ್ಟು, ಗಾಡಿಯ ಕಾಗದಗಳ ಫೈಲು ಹಿಡಿದು ಸಿದ್ಧ. ಎಲ್ಲಿಗೆ ಎಂದರೆ, "ಗಾಡಿ ಆಫೀಸಿಗೆ. ನಿನ್ನ ಹೆಸರಿಗೆ ಮಾಡ್ಬೇಕು."

"ಅವರು ಸುಮ್ಮನಿರ್ತಾರಾ ಅತ್ತೆ?"

"ಇರದಿದ್ರೆ ಬೇಡ."

ಚಪ್ಪಲಿ ಮೆಟ್ಟಿ ಹೋದವರು ಮುಂದಿನ ಸೀಟಿನಲ್ಲಿ ಕೂತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ. ಇಷ್ಟು ವರ್ಷ ಹಿಂದೆಯೇ ಕೂರುತ್ತಿದ್ದರು — ಮುಂದೆ ಮಾವ, ಇಲ್ಲವೇ ಮಗ. ಬೆಲ್ಟು ಹಾಕಿಕೊಳ್ಳಲು ಬಾರದೆ ಎಳೆದಾಡುತ್ತಿದ್ದಾರೆ. ಈಗ ಹಾರನ್ ಒತ್ತಿದರು! ಮತ್ತೆ ಒತ್ತಿದರು. ಓನರ್ ಕಿಟಕಿ ತೆರೆದ ಸದ್ದು. ಮೂರನೆಯ ಸಲ —

ಬಂದೆ ಅತ್ತೆ, ಬಂ