ತೆಗೆಯದ ಟೋಪಿ

ಸಿಲ್ವರ್ ಫೋರ್ಕ್, ಇಂಡಿಯಾನಾ
೧೮೫೬, ಏಳನೆಯ ತಿಂಗಳ ಆರನೆಯ ದಿನ

ಪ್ರೀತಿಯ ತಂಗಿ ಮಹಾಲಾಳಿಗೆ,

ನಿನ್ನ ಅಕ್ಕ ಹುಲ್ದಾ ಇನ್ನೂ ಬದುಕಿದ್ದಾಳೆ. ನಿನ್ನ ಮೇಲೆ ಕೋಪಿಸಿಕೊಂಡಿಲ್ಲ, ನಿನ್ನನ್ನು ಮರೆತೂ ಇಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಒಂದು ಸಲ ಕೋಳಿಗಳು ಬಟಾಣಿ ಪಾತಿಗೆ ನುಗ್ಗಿದವು. ಇನ್ನೊಂದು ಸಲ ಯಾವ ಕಾರಣವೂ ಇಲ್ಲದೆ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದೆ. ಕುದುರೆಯ ಸದ್ದಾದರೆ ಸಾಕು, ಈಗ ಕೈಯಲ್ಲಿದ್ದದ್ದು ಕೈಯಲ್ಲೇ ನಿಲ್ಲುತ್ತದೆ. ತಡಮಾಡಿದ್ದಕ್ಕೆ ಬೈದುಕೋ.

ವರ್ಜೀನಿಯಾದಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೆಂದು ತಿಳಿದು ಸಂತೋಷವಾಯಿತು. ನೀನು ಕಳಿಸಿದ ಸಕ್ಕರೆ ಪೊಟ್ಟಣವೂ ತಲುಪಿತು. ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ನಾವು ಬಾಯಿಗಿಡುವುದಿಲ್ಲವೆಂದು ಗೊತ್ತಿದ್ದೂ ನೀನು ಪ್ರತಿವರ್ಷ ಕಳಿಸುತ್ತೀಯ, ನಾನೂ ಪ್ರತಿವರ್ಷ ಅದನ್ನು ಎಸೆಯಲಾರದೆ ಕಪಾಟಿನ ಮೇಲಿಡುತ್ತೇನೆ. ಇರುವೆಗಳಿಗೆ ನಮ್ಮ ಧರ್ಮದ ಕಟ್ಟುಪಾಡಿಲ್ಲ, ಅವು ಸುಖವಾಗಿವೆ.

ಇಲ್ಲಿನ ಸುದ್ದಿ ಹೇಳಬೇಕಾದರೆ ವೈನಿಯಿಂದಲೇ ಶುರುಮಾಡಬೇಕು. ನಿನಗೆ ಅವಳ ನೆನಪಿದ್ದೇ ಇರುತ್ತದೆ. ಕೆರೊಲಿನಾದಲ್ಲಿ ಚಿಕ್ಕಪ್ಪ ಸಾಯುವ ಮೊದಲು ಬಿಡುಗಡೆ ಮಾಡಿದ ಗುಲಾಮರಲ್ಲಿ ಅವಳೂ ಒಬ್ಬಳು, ನಿನ್ನ ಜಡೆ ಹೆಣೆಯುತ್ತಿದ್ದವಳು. ನಮ್ಮ ಜೊತೆಗೇ ಗಾಡಿಯಲ್ಲಿ ಇಲ್ಲಿಗೆ ಬಂದಳು, ಪ್ಲೆಸೆಂಟ್ ಎಂಬ ಗಾಡಿಚಕ್ರ ಮಾಡುವವನನ್ನು ಮದುವೆಯಾದಳು, ನಮ್ಮ ಹೊಲದಾಚೆ ಮನೆ ಕಟ್ಟಿದರು. ಈ ವಸಂತದಲ್ಲಿ ಅವಳು ತೊರೆಯ ಬಳಿ ಬಟ್ಟೆ ಒಗೆಯುತ್ತಿದ್ದಾಗ ಓಡಿಹೋದ ಗುಲಾಮರನ್ನು ಹುಡುಕುತ್ತ ಕೆಂಟಕಿಯಿಂದ ಬಂದ ಮೂವರು ಹಿಡಿದುಕೊಂಡರು. ಇವಳು ನಾಲ್ಕು ವರ್ಷದ ಹಿಂದೆ ಓಡಿಹೋದ ನಮ್ಮ ಲೆಟಿ ಎಂದರಂತೆ. ಅವಳು ಬಿಡುಗಡೆಯ ಕಾಗದ ತೋರಿಸಿದಳು. ಅವರಲ್ಲೊಬ್ಬ ಓದಿ ನೋಡಿ, ನಕ್ಕು, ಬಟ್ಟೆ ಕುದಿಸುವ ಒಲೆಗೆ ಹಾಕಿದ.

ಈಗಿನ ಕಾನೂನು ನಿನಗೆ ಗೊತ್ತೇ ಇದೆ, ನಿನ್ನ ಗಂಡ ಅದನ್ನು ಹೊಗಳಿ ಬರೆದಿದ್ದ. ಹಿಡಿದವನ ಮಾತಿಗೆ ಬೆಲೆ ಉಂಟು, ಸಿಕ್ಕಿಬಿದ್ದವಳ ಮಾತಿಗೆ ಇಲ್ಲ. ಅವಳ ಗಂಡ ಕರಿಯನಾದ್ದರಿಂದ ಅವನ ಮಾತಿಗೂ ಇಲ್ಲ. ಹತ್ತು ವರ್ಷದಿಂದ ಇವಳು ನಮ್ಮ ನೆರೆಯಲ್ಲಿದ್ದಾಳೆ ಎಂದು ಒಬ್ಬ ಬಿಳಿಯ ಹೇಳಿದರೆ ಮುಗಿಯಿತು, ನಾಲ್ಕು ವರ್ಷದ ಕಥೆ ಬಿದ್ದುಹೋಗುತ್ತದೆ. ನನ್ನ ಗಂಡ ಎಲ್ಕಾನಾ ಅಂದೇ ಗಾಡಿ ಕಟ್ಟಿದ. ಮಗ ಎನೋಸ್ ಮತ್ತು ಪ್ಲೆಸೆಂಟ್ ಜೊತೆಗೆ ಹೋದರು. ನಾನು ರೊಟ್ಟಿ ಕಟ್ಟಿಕೊಟ್ಟೆ. ಸಂಜೆಗೆ ವೈನಿಗೂ ಸೇರಿಸಿ ಅಡುಗೆ ಮಾಡಬೇಕೆಂದು ಲೆಕ್ಕ ಹಾಕಿಕೊಂಡಿದ್ದೆ.

ಅವಳನ್ನು ಒಯ್ದಿದ್ದ ನದಿದಡದ ಊರಿನ ವಿಚಾರಣೆಯ ಕೋಣೆಯಲ್ಲಿ ನಡೆದದ್ದನ್ನು ಎಲ್ಕಾನಾನೇ ಹೇಳಿದ, ಒಂದಕ್ಷರ ಮುಚ್ಚಿಡದೆ. ನಮ್ಮ ಗೆಳೆಯರ ಸಂಘದವರು ಮನುಷ್ಯನ ಮುಂದೆ ಟೋಪಿ ತೆಗೆಯುವುದಿಲ್ಲ, ಅದು ದೇವರ ಪ್ರಾರ್ಥನೆಗೆ ಮಾತ್ರ. ನಮ್ಮ ಜಿಲ್ಲೆಯ ಕೋರ್ಟಿನಲ್ಲಿ ಇದು ತಕರಾರೇ ಅಲ್ಲ. ಬಾಗಿಲಲ್ಲಿರುವ ಜವಾನ ತಾನೇ ನಮ್ಮವರ ಟೋಪಿ ಎತ್ತಿ ಗೂಟಕ್ಕೆ ಹಾಕುತ್ತಾನೆ. ತೆಗೆದವನು ಅವನು, ನಾವಲ್ಲ, ಎಲ್ಲರಿಗೂ ಸಮಾಧಾನ. ಎಲ್ಕಾನಾ ಅಲ್ಲಿಯೂ ಹಾಗೇ ಬಾಗಿಲಲ್ಲಿ ತಲೆ ಸ್ವಲ್ಪ ಬಗ್ಗಿಸಿ ನಿಂತನಂತೆ. ಯಾರೂ ಟೋಪಿ ಎತ್ತಲಿಲ್ಲ.

"ಟೋಪಿ ತೆಗಿ," ಎಂದ ಮೇಜಿನ ಹಿಂದಿದ್ದ ಅಧಿಕಾರಿ.

"ನಿನ್ನ ಜವಾನ ತೆಗೀಲಿ, ನಾನು ಬೇಡ ಅನ್ನಲ್ಲ."

"ಯಾರಿಗಯ್ಯ 'ನಿನ್ನ' ಅಂತಿರೋದು? ನಾನೇನು ನಿನ್ನ ಹೊಲದಲ್ಲಿ ಜೋಳ ಮುರಿಯೋನಾ?"

"ನಾನು ಎಲ್ಲರಿಗೂ ನೀನು ಅಂತಲೇ ಅನ್ನೋದು. ಈ ಹೆಂಗಸು ನಂಗೆ ಹತ್ತು ವರ್ಷದಿಂದ..."

"ಮೊದಲು ಟೋಪಿ! ನಿನ್ನ ಕೈಯಿಂದ್ಲೇ ತೆಗಿ. ಆಮೇಲೆ ಬಾಯಿ ಬಿಡು."

ಎಲ್ಕಾನಾ ವೈನಿಯ ಕಡೆ ನೋಡಿದನಂತೆ. ಅವಳು ಸರಪಳಿಯ ಕೈಯನ್ನೇ ಎತ್ತಿ ತನ್ನ ತಲೆ ಮುಟ್ಟಿ ತೋರಿಸಿದಳು, ತೆಗೆದುಬಿಡು ಎಂದು. ಅವನು ತೆಗೆಯಲಿಲ್ಲ. ಕೈ ಅಷ್ಟು ಎತ್ತರಕ್ಕೆ ಏಳಲೇ ಇಲ್ಲ ಹುಲ್ದಾ, ಎಂದ ನನಗೆ. ಅಧಿಕಾರಿ ಇವನನ್ನು ಹೊರಗೆ ದಬ್ಬಿಸಿ ಕಾಗದಕ್ಕೆ ಸಹಿ ಹಾಕಿದ. ಎನೋಸ್ ಕುದುರೆಗಳನ್ನು ಕಟ್ಟಿ ಓಡಿಬರುವಷ್ಟರಲ್ಲಿ ವೈನಿಯನ್ನು ಕೆಂಟಕಿಗೆ ಹೋಗುವ ದೋಣಿಗೆ ಹತ್ತಿಸಿಯಾಗಿತ್ತು.

ಮನೆಗೆ ಬಂದ ಮೇಲೆ ಅಪ್ಪ ಮಗನ ನಡುವೆ ನಡೆದದ್ದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

"ನಮ್ಮ ಹಿರೀಕರು ಇಂಗ್ಲೆಂಡಿನಲ್ಲಿ ಇದೇ ಟೋಪಿಗೋಸ್ಕರ ಜೈಲಲ್ಲಿ ಕೊಳೆತ್ರು ಕಣೋ," ಎಂದ ಎಲ್ಕಾನಾ.

"ಅಲ್ಲಿ ಕೊಳೆತಿದ್ದು ಅವರೇ ಅಲ್ವಾ ಅಪ್ಪ? ಇಲ್ಲಿ ಕೊಳೆಯೋಕೆ ಹೋಗಿದ್ದು ವೈನಿ!" ಎಂದ ಎನೋಸ್. "ನಿನ್ನ ಟೋಪಿ ನೆಟ್ಟಗಿದೆ ನೋಡು, ಒಂದು ಚೂರು ಧೂಳೂ ಕೂತಿಲ್ಲ."

ಮಹಾಲಾ, ಗಂಡನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅವನ ತಟ್ಟೆಗೆ ಬಡಿಸಿ ಆಚೆ ಹೋಗಿಬಿಡುತ್ತಿದ್ದೆ. ಆದರೆ ಯಾರಿಗೂ ತಲೆಬಾಗದ ಆ ಗುಣ ನೋಡಿಯೇ ತಾನೇ ನಾನು ಅವನನ್ನು ಒಪ್ಪಿದ್ದು. ಸಿಟ್ಟನ್ನು ಎಲ್ಲಿಡಬೇಕೆಂದೇ ತಿಳಿಯದೆ ಮನೆಯ ಜಮಖಾನೆಗಳನ್ನೆಲ್ಲ ಹೊರಗೆ ಹಾಕಿ ಬಡಿದೆ.

ಈ ಸಿಟ್ಟು ನಮ್ಮ ಮನೆಯದೊಂದೇ ಅಲ್ಲ, ಊರಿಗೆ ಊರೇ ಹೀಗಾಗಿದೆ. ಗಿರಣಿಗೆ ಹೋದರೆ ಹಿಟ್ಟಿಗಿಂತ ಮೊದಲು ನೀನು ಯಾವ ಕಡೆ ಎಂದು ಕೇಳುತ್ತಾರೆ. ಮೆಥಡಿಸ್ಟರು ಗುಲಾಮಗಿರಿಯ ಮೇಲೆ ಜಗಳವಾಡಿ ಎರಡಾಗಿ ಒಂದೇ ರಸ್ತೆಯಲ್ಲಿ ಎರಡು ಚರ್ಚು ಕಟ್ಟಿಕೊಂಡಿದ್ದಾರೆ. ಒಬ್ಬರ ಹಾಡು ಮುಳುಗಿಸಲು ಇನ್ನೊಬ್ಬರು ಗಂಟಲು ಹರಿದುಕೊಳ್ಳುತ್ತಾರೆ, ದೇವರು ಕಿವಿ ಮುಚ್ಚಿಕೊಂಡಿರಬೇಕು. ರಾಜಧಾನಿಯಲ್ಲಿ ಗುಲಾಮಗಿರಿಯ ವಿರುದ್ಧ ಮಾತಾಡಿದವನನ್ನು ಸಭಾಭವನದೊಳಗೇ ದೊಣ್ಣೆಯಿಂದ ಪ್ರಜ್ಞೆ ತಪ್ಪುವಂತೆ ಹೊಡೆದರಲ್ಲ, ಅದನ್ನೂ ಇಲ್ಲಿಯ ಅಂಗಡಿಯಲ್ಲಿ ಇಬ್ಬರು ಚಪ್ಪಾಳೆ ತಟ್ಟಿ ಓದಿದರು. ಮತ್ತೆ ಆ ಕ್ಯಾನ್ಸಸ್. ಅಲ್ಲಿ ಗುಲಾಮರು ಇರಬೇಕೋ ಬೇಡವೋ ಎಂದು ನೆಲೆಸಿದವರೇ ಮತ ಹಾಕಿ ತೀರ್ಮಾನಿಸಲಿ ಎಂದರಂತೆ. ಮತಕ್ಕಿಂತ ಬಂದೂಕುಗಳೇ ಹೆಚ್ಚಾಗಿ ಹೋಗುತ್ತಿವೆ, ಎರಡೂ ಕಡೆಯಿಂದ.

ಎನೋಸ್ ಒಂದು ಬಂದೂಕು ತಂದ. ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಬಚ್ಚಿಡಲೂ ಇಲ್ಲ, ಅಡುಗೆಮನೆಯ ಗೋಡೆಗೇ ಒರಗಿಸಿದ. ಯುದ್ಧದ ಆಯುಧ ಮುಟ್ಟುವವನು ನಮ್ಮ ಗೆಳೆಯರ ಸಂಘದಲ್ಲಿ ಇರಲಾರ ಎಂಬುದು ನಿನಗೇನು ಹೊಸದೇ, ಸಂಘದ ಹೊರಗೆ ಮದುವೆಯಾದದ್ದಕ್ಕೆ ನಿನ್ನ ಹೆಸರನ್ನೇ ತೆಗೆದವರು ನಾವು. ಬುದ್ಧಿ ಹೇಳಲು ಸಂಘದಿಂದ ಮುದುಕ ಬರ್ಜಿಲ್ಲಾಯ್ ಇನ್ನೊಬ್ಬ ಹಿರಿಯನ ಜೊತೆ ಬಂದ. ಬಂದವರು ಮೊದಲು ಬಂದೂಕಿನ ಪಕ್ಕದ ಕುರ್ಚಿ ಬಿಟ್ಟು ದೂರದ ಕುರ್ಚಿ ನೋಡಿಕೊಂಡರು.

"ಗುಂಡು ಹಾಕಿಲ್ಲ, ಕೂತ್ಕೋ," ಎಂದ ಎನೋಸ್.

"ನಿನ್ನೊಳಗಿನ ದೇವರ ಬೆಳಕು ಏನು ಹೇಳುತ್ತೆ ಮಗು?" ಎಂದು ಬರ್ಜಿಲ್ಲಾಯ್ ಮೆತ್ತಗೆ ಕೇಳಿದ.

"ಹೋಗು ಅನ್ನುತ್ತೆ."

"ಕೊಲ್ಲು ಅಂತ ಬೆಳಕು ಯಾವತ್ತೂ ಹೇಳಲ್ಲ ಕಣಪ್ಪಾ."

"ನನ್ನ ಬಂದೂಕು ನೋಡೋಕೆ ಇಬ್ಬರು ಬಂದ್ರಿ. ಅಪ್ಪನ ಟೋಪಿ ನೋಡೋಕೆ ಯಾರಾದ್ರೂ ಬಂದ್ರಾ? ಬಂದೂಕು ಇನ್ನೂ ಯಾರನ್ನೂ ಕಳ್ಕೊಂಡಿಲ್ಲ."

ಎಲ್ಕಾನಾ ಒಲೆಯ ಬಳಿ ಕೂತಿದ್ದ. ಬರ್ಜಿಲ್ಲಾಯ್ ನಾನು ಕೊಟ್ಟ ಕಡುಬಿನ ತುಂಡನ್ನು ಪೂರ್ತಿ ತಿಂದು, ಕಣ್ಣೊರೆಸಿಕೊಂಡು ಹೋದ. ಆ ವಾರವೇ ಎನೋಸ್ ಪಶ್ಚಿಮಕ್ಕೆ, ಕ್ಯಾನ್ಸಸ್ ಕಡೆಗೆ ಹೊರಟ. ಅಪ್ಪನ ಕೈ ಹಿಡಿದ, ಆದರೆ ಮುಖ ನೋಡಲಿಲ್ಲ. ಗೇಟಿನ ಬಳಿ ನನಗೆ, "ಅಮ್ಮಾ, ನಾನು ಯಾರನ್ನೂ ದ್ವೇಷಿಸಿ ಹೋಗ್ತಿಲ್ಲ. ಕೈ ಕಟ್ಟಿ ನಿಲ್ಲೋಕೆ ಆಗ್ತಿಲ್ಲ, ಅಷ್ಟೇ," ಎಂದ. ನಿಲ್ಲು ಎಂದು ಹೇಳಲು ಬಾಯಿ ತೆರೆದೆ. ವೈನಿಯ ಮನೆಯ ಕಡೆ ಕಣ್ಣು ಹೋಯಿತು. ಹುಷಾರಾಗಿರು ಎಂದೆ.

ತಿಂಗಳ ಸಭೆ ಬಂತು. ಹೆಂಗಸರು ಗಂಡಸರ ನಡುವೆ ಹಲಗೆಯ ತಡಿಕೆ ಇಳಿಸಿದರು. ನಾನು ಈ ಬದಿಯಲ್ಲಿ ಕೂತು ಆ ಬದಿಯಲ್ಲಿ ನನ್ನ ಮಗನ ಹೆಸರು ಓದುವುದನ್ನು ಕೇಳಿದೆ. ನಮ್ಮಲ್ಲಿ ಕೈ ಎತ್ತಿ ಎಣಿಸುವ ಪದ್ಧತಿಯಿಲ್ಲವಲ್ಲ, ಯಾರಿಗಾದರೂ ಮನಸ್ಸಿಗೆ ಒಗ್ಗದಿದ್ದರೆ ಈಗಲೇ ಹೇಳಿ ಎಂದು ಕೇಳುತ್ತಾರೆ. ಒಬ್ಬನ ಮನಸ್ಸಿಗೆ ಒಗ್ಗದಿದ್ದರೂ ಸಾಕು, ತೀರ್ಮಾನ ಅಲ್ಲಿಗೇ ತಡೆದುಹೋಗುತ್ತದೆ. ಆ ಬದಿಯಲ್ಲಿ ಅಂದೂ ಹಾಗೇ ಕೇಳಿದರು. ಹೇಳು ಎಲ್ಕಾನಾ, ಹೇಳು ಎಂದು ನಾನು ಮಡಿಲಲ್ಲಿ ಕೈ ಹಿಸುಕಿಕೊಂಡು ಕೂತೆ. ಇದ್ದಕ್ಕಿದ್ದಂತೆ ಬೆಂಚುಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಯಾರೋ ಪ್ರಾರ್ಥನೆಗೆ ಮಂಡಿಯೂರಿದ್ದಾರೆ, ಅದಕ್ಕೇ ಎಲ್ಲರೂ ಎದ್ದು ನಿಂತಿದ್ದಾರೆ ಎಂದು ತಿಳಿಯಿತು. ಧ್ವನಿಗಾಗಿ ಕಾದೆ. ಧ್ವನಿ ಬರಲೇ ಇಲ್ಲ. ಒಂದು ಒಣ ಕೆಮ್ಮು ಕೇಳಿತು, ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಬೆಂಚುಗಳು ಮತ್ತೆ ಕಿರುಗುಟ್ಟಿದವು, ಎನೋಸನ ಹೆಸರು ಪುಸ್ತಕದಿಂದ ಹೋಯಿತು.

ಹೊರಗೆ ಬರ್ಜಿಲ್ಲಾಯ್ ನನ್ನ ಬಳಿ ಬಂದ. "ಎಲ್ಕಾನಾ ಟೋಪಿ ತೆಗೆದು ಎದೆಗೆ ಅವಚಿಕೊಂಡಿದ್ದ, ಹುಲ್ದಾ. ತುಟಿ ಅಲ್ಲಾಡ್ತಿತ್ತು. ಒಂದು ಮಾತೂ ಹೊರಡಲಿಲ್ಲ. ನಾವೆಲ್ಲ ಕಾದ್ವಿ, ಎಷ್ಟು ಬೇಕಾದ್ರೂ ಕಾಯ್ತಿದ್ವಿ," ಎಂದ. ಆ ದಿನ ದಾರಿಯುದ್ದಕ್ಕೂ ನಾನು ಎಲ್ಕಾನಾನ ಪಕ್ಕದಲ್ಲೇ ಕೂತು ಬಂದೆ, ಹಿಂದಿನ ಸೀಟಿಗೆ ಹೋಗಲಿಲ್ಲ.

ಈಗ ಅವನು ಪ್ಲೆಸೆಂಟ್ ಜೊತೆ ನದಿಯಾಚೆ ವೈನಿಯ ಸುಳಿವು ಹುಡುಕುತ್ತ ಅಲೆಯುತ್ತಿದ್ದಾನೆ. ದಕ್ಷಿಣಕ್ಕೆ ಮಾರಿಬಿಟ್ಟರು ಎಂದು ಒಬ್ಬ, ಇಲ್ಲೇ ಇದ್ದಾಳೆ ಎಂದು ಇನ್ನೊಬ್ಬ. ಪ್ಲೆಸೆಂಟನ ನೆಂಟರೆಲ್ಲ ಈ ಕಾನೂನು ಮುಟ್ಟದ ಕೆನಡಾಕ್ಕೆ ಗಾಡಿ ಕಟ್ಟಿದರು, ಅವರು ನೆಟ್ಟ ಜೋಳ ಹಾಗೇ ನಿಂತಿದೆ. ನಿನ್ನ ಗಂಡ ತಮ್ಮಲ್ಲಿ ಗುಲಾಮರನ್ನು ಮನೆಯ ಮಕ್ಕಳಂತೆ ನೋಡಿಕೊಳ್ಳುತ್ತೇವೆ ಎಂದು ಬರೆಯುತ್ತಾನಲ್ಲ, ಯಾವ ಮಗುವನ್ನು ಎಲ್ಲಿಗೆ ಮಾರಿದ್ದಾನೆ ಎಂದು ಒಮ್ಮೆ ಕೇಳಿ ನೋಡು. ಬೇಡ, ಕೇಳಬೇಡ. ನಿನಗೇ ಕಷ್ಟ. ಆದರೆ ನೀನು ವೈನಿಗಾಗಿ ಒಂದು ಹನಿ ಕಣ್ಣೀರು ಹಾಕಿದೆ ಎಂದಾದರೂ ಬರೆ, ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ನಂಬಿಕೊಳ್ಳುತ್ತೇನೆ.

ಎನೋಸನದು ಒಂದೇ ಕಾಗದ ಬಂದಿದೆ. ಹಳ್ಳದ ದಡದಲ್ಲಿ ಸರದಿಯ ಮೇಲೆ ಕಾವಲಿರುತ್ತಾರಂತೆ. ಮಿಸೌರಿಯ ಕಡೆಯಿಂದ ಗುಲಾಮಗಿರಿ ಬೇಕೆನ್ನುವವರ ಗುಂಪುಗಳು ದಾಟಿ ಬರುತ್ತವೆ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿರುತ್ತವೆ. ಇನ್ನೂ ಯಾರಿಗೂ ಗುಂಡು ಹೊಡೆದಿಲ್ಲವಂತೆ. ಅಪ್ಪ ಹೇಗಿದ್ದಾನೆ ಎಂದು ಎರಡು ಸಲ ಕೇಳಿದ್ದಾನೆ.

ನಿನ್ನ ಹೆಸರು ನಮ್ಮ ಪುಸ್ತಕದಲ್ಲಿ ಇಲ್ಲದಿದ್ದರೂ ನನ್ನ ಪ್ರಾರ್ಥನೆಯಿಂದ ಯಾರೂ ಅದನ್ನು ತೆಗೆದಿಲ್ಲ. ನಿನಗೂ ನಿನ್ನ ಮನೆಯಲ್ಲಿ ಉಸಿರಾಡುವ ಪ್ರತಿಯೊಬ್ಬರಿಗೂ, ಅಂಗಳದ ಗುಡಿಸಲುಗಳಲ್ಲಿ ಇರುವವರಿಗೂ, ಆ ಬೆಳಕು ದಾರಿ ತೋರಲಿ. ಕೆಮ್ಮಿಗೆ ಜೇನು ಬಿಡಬೇಡ.

ನಿನ್ನ ಅಕ್ಕ,
ಹುಲ್ದಾ

ತಾ.ಕ. ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಕೊನೆಯ ಸಾಲಿಗೆ ಉತ್ತರ ಕೊಡದೆ ಉಳಿದದ್ದೆಲ್ಲ ಬರೆದಿದ್ದೇನೆ. ನಿನ್ನ ಮಗ ಲಾರ್ಕಿನ್ ಕಾಲೇಜು ಬಿಟ್ಟು ಜೊತೆಯವರೊಂದಿಗೆ ಮಿಸೌರಿಗೆ ಹೋದ, ಅಲ್ಲಿಂದ ಕ್ಯಾನ್ಸಸ್‌ಗೆ ದಾಟುತ್ತಾನೆ ಎಂದು ನೀನು ಮಳೆ ಬಂತು ಎಂದು ಬರೆದ ಹಾಗೆ ಬರೆದಿದ್ದೀಯ. ನಾನು ತಡಮಾಡಿದ್ದು ಅದಕ್ಕೇ. ಆ ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ, ನಾವು ನೋಡಲು ಬಿಡಲಿಲ್ಲ. ನಿನ್ನ ಮಗ ಈಗ ಹೇಗಿದ್ದಾನೆ, ಎಷ್ಟು ಎತ್ತರ, ಯಾವ ಬಣ್ಣದ ಕುದುರೆ, ತಕ್ಷಣ ಬರೆ, ನಾನು ಎನೋಸನಿಗೆ ತಿಳಿಸುತ್ತೇನೆ. ನನ್ನವನು ಹೀಗಿದ್ದಾನೆ: ಉದ್ದಕ್ಕಿದ್ದಾನೆ, ಕೆಂಚು ಕೂದಲು, ನಾನೇ ನೇಯ್ದ ಬೂದು ಉಣ್ಣೆಯ ಕೋಟು. ಎಡ ಮೊಣಕೈಗೆ ಕಂದು ತೇಪೆ ಹಾಕಿದ್ದೇನೆ. ಬಂದೂಕು ಗುರಿಯಿಟ್ಟಾಗ ಆ ಮೊಣಕೈ ಹೊರಗೆ ಕಾಣುತ್ತದೆ. ಲಾರ್ಕಿನ್‌ಗೆ ಹೇಳು, ಮಹಾಲಾ. ಎಡ ಮೊಣಕೈ ನೋಡಲಿ.